ಬಾಗಿಲಿಗೊಂದು ಬಾಣ

ಮೊದಲ ಸಲ ಲಸಿಕೆ ಡಬ್ಬಿ ಹೆಗಲಿಗೇರಿಸಿದಾಗ
ಹೊಂಗೆಕೊಪ್ಪಲಲ್ಲಿ ನಲವತ್ತೊಂದು ಮನೆ, ಇಪ್ಪತ್ತಾರು ಬಾಯಿ.
ಬಾಯಿ ಅಂದರೆ ಐದರೊಳಗಿನ ಮಕ್ಕಳು,
ಎರಡು ಹನಿಗೆ ತೆರೆಯುವಷ್ಟು.
ತೊಂಬತ್ತೈದರ ಡಿಸೆಂಬರು. ಮೊದಲೇ ಹಾಸನದ ಚಳಿ,
ಮೇಲೆ ಬೆನ್ನಿಗಾತುಕೊಂಡ ಮಂಜುಗಡ್ಡೆ.

ಮನೆಗಳಿಗೆ ನಂಬರಿರಲಿಲ್ಲ. ನಾನೇ ಕೊಟ್ಟೆ.
ಒಂದು, ತಿಮ್ಮಾಜಮ್ಮನದು, ಹುಣಸೆಮರದ ಬುಡ.
ಎರಡು, ಸಣ್ಣೇಗೌಡರ ಕೊಟ್ಟಿಗೆ ದಾಟಿ ಎಡಕ್ಕೆ, ನಾಯಿ ಹುಷಾರು.
ಏಳಕ್ಕೂ ಎಂಟಕ್ಕೂ ಒಂದೇ ಬಾಗಿಲು;
ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು, ಒಲೆ ಎರಡಾಗಿತ್ತು,
ಹಾಗಾಗಿ ಬಾಣವನ್ನೂ ಎರಡೆಳೆದೆ.
ಮಣ್ಣಿನ ಗೋಡೆಗೆ ಸೀಮೆಸುಣ್ಣ ಚೆನ್ನಾಗಿ ಹಿಡಿಯುತ್ತದೆ.
ಯುಗಾದಿಗೆ ಸುಣ್ಣ ಬಳಿಯುವ ತನಕ
ನಾನೆಳೆದ ಬಾಣ ನನಗೇ ದಾರಿ ತೋರುತ್ತಿತ್ತು.

ಆ ತಿಂಗಳೆಲ್ಲ ಜನ
ರಾಗಿ ತೆನೆ ಟಾರು ರೋಡಿಗೆ ಹರಡಿ ಬಸ್ಸು ಕಾಯುತ್ತಿದ್ದರು,
ಹತ್ತಲಿಕ್ಕಲ್ಲ, ತುಳಿಸಲಿಕ್ಕೆ.
ದಿನಕ್ಕೆ ಎರಡೇ ಬಸ್ಸು.
ಡ್ರೈವರ್ ಹಯಾತ್ ಸಾಬರು ಒಮ್ಮೆ ಮುಂದೆ, ಒಮ್ಮೆ ಹಿಂದೆ,
ಹೊರಟ ಮೇಲೂ ಮನಸ್ಸು ತಡೆಯದೆ ಇನ್ನೊಮ್ಮೆ ಹಿಂದೆ.
ಒಳಗೆ ಕೂತವರು ಬೈಯುತ್ತಿರಲಿಲ್ಲ,
ಅವರ ರಾಗಿ ಮುಂದಿನೂರಲ್ಲಿ ಹರಡಿತ್ತು.

ಊರು ಯಾವಾಗ ಬೆಳೆಯಿತೆಂದು ಯಾರಿಗೂ ನೆನಪಿಲ್ಲ.
ನನ್ನ ರಿಜಿಸ್ಟರಿಗಿದೆ.
ಐವತ್ತೆಂಟು. ಎಪ್ಪತ್ತು.
ಆಮೇಲೆ ಆಲೂಗೆಡ್ಡೆ ಹೊಲಕ್ಕೆ ಕಲ್ಲು ನೆಟ್ಟರು, ನೂರ ಮೂವತ್ತು.
ಕಾಲೇಜು ಹುಡುಗರ ಬಾಡಿಗೆ ಮನೆಗಳ ಮುಂದೆ ಬರೆದಿದ್ದೇನೆ,
ಬಾಯಿ ಸೊನ್ನೆ, ಚಪ್ಪಲಿ ಹನ್ನೆರಡು ಜೊತೆ.
ಮೇಲಿನವರು ಕೇಳಿದರು, ಇದೇನಮ್ಮ ಚಪ್ಪಲಿ?
ಇನ್ನೇನು ಬರೆಯಲಿ, ಬಾಗಿಲಲ್ಲಿ ಕಂಡದ್ದೇ ಅದು.

ಕಟ್ಟುವವರು ಬಂದರು. ಅವರದು ತಿರುಗುಮುರುಗು ಲೆಕ್ಕ,
ಮನೆ ಸೊನ್ನೆ, ಬಾಯಿ ಒಂಬತ್ತು.
ಟಾರ್ಪಾಲಿಗೆ ಸೀಮೆಸುಣ್ಣ ಹಿಡಿಯದು.
ಇಟ್ಟಿಗೆ ರಾಶಿಯ ಮೇಲೆ ಬಾಣವೆಳೆದು ಬಂದೆ.
ಮುಂದಿನ ಸುತ್ತಿಗೆ ಹೋದಾಗ ರಾಶಿಯಿಲ್ಲ, ಆ ಮಕ್ಕಳೂ ಇಲ್ಲ,
ಮೂರಂತಸ್ತು ಎದ್ದಿತ್ತು.
ಎಲ್ಲೋ ಗಾರೆಯೊಳಗೆ, ಯಾರದೋ ಅಡುಗೆಮನೆಯಲ್ಲೋ, ಮೆಟ್ಟಿಲ ಕೆಳಗೋ
ನನ್ನ ಬಾಣದ ತುಂಡುಗಳು
ಒಂದೊಂದು ಒಂದೊಂದು ಕಡೆಗೆ ತೋರಿಸುತ್ತ ಕೂತಿವೆ.

ಈ ವರ್ಷ ನನ್ನದು ಕೊನೆಯ ಸುತ್ತು.
ಜೊತೆಗೆ ಕೊಟ್ಟಿರುವ ನರ್ಸಿಂಗ್ ಹುಡುಗಿ ಮೊಬೈಲು ನೋಡಿ ಹೇಳಿದಳು,
ಮೇಡಂ, ಈ ಏರಿಯಾ ಎಚ್.ಕೆ. ಲೇಔಟ್.
ಎಚ್.ಕೆ. ಅಂದರೆ ಯಾರೋ ದೊಡ್ಡ ಮನುಷ್ಯರಿರಬೇಕು.
ಹೌದು, ಇದ್ದರು ಅಂದೆ.

ಅಪಾರ್ಟ್‌ಮೆಂಟಿನ ಗೇಟಲ್ಲಿ
ನನ್ನ ಮುಂದೆಯೇ ಒಂದು ರಿಜಿಸ್ಟರು ಚಾಚಿದ ದಿಲೀಪ್ ಬಸುಮತಾರಿ.
ಹೆಸರು ಬರೆದೆ. ಯಾತಕ್ಕೆ, ಬರೆದೆ.
ಎಲ್ಲಿಂದ ಎಂಬಲ್ಲಿ ಬರೆದೆ, ಇಲ್ಲಿಂದ.
ಆತ ಓದಿಸಿ ಕೇಳಿ ನಕ್ಕ.
ಇಲ್ಲಿಂದ ಯಾರೂ ಇಲ್ಲ ಅಮ್ಮ, ಎಲ್ಲ ಎಲ್ಲಿಂದನೋ.

ಐದನೇ ಅಂತಸ್ತಿನ ತನಕ ಬಾಗಿಲು ಬಡಿದೆವು.
ಪಾಲಿಶ್ ತೇಗಕ್ಕೆ ಸೀಮೆಸುಣ್ಣ ಜಾರುತ್ತದೆ,
ಗ್ರಾನೈಟಿಗೂ ಅಷ್ಟೇ.
ಹತ್ತಿದಷ್ಟನ್ನೂ ಒಬ್ಬಾಕೆ ನಮ್ಮೆದುರೇ ಒರೆಸಿದಳು,
ಕೋಪದಿಂದಲ್ಲ, ಕೈಯಲ್ಲಿ ಬಟ್ಟೆ ಇತ್ತು.

ಇಳಿದು ಬಂದಾಗ ದಿಲೀಪ ಜನರೇಟರಿನ ಹಿಂದಿಂದ
ನಿದ್ದೆಗಣ್ಣಿನ ಕೂಸನ್ನು ಎತ್ತಿ ತಂದ.
ಬಾಯಿ ಒಂದು. ಎರಡು ಹನಿ.
ಕಿರುಬೆರಳ ಉಗುರಿಗೆ ಕಪ್ಪು.
ಅವನ ಕಾವಲು ಗೂಡಿನ ತಗಡು ತುಕ್ಕು ಹಿಡಿದಿತ್ತು,
ಸೀಮೆಸುಣ್ಣ ಗಪ್ಪನೆ ಹಿಡಿಯಿತು.

ಮನೆ ನಂಬರು ಏನು ಹಾಕಲಿ ಅಂದಳು ಹುಡುಗಿ.
ನಲವತ್ತೆರಡು.
ಬಾಣ?
ರೋಡಿನ ಕಡೆಗೆ ಎಳಿ.
ಆಚೆ ಬದಿ ಬಾಕಿಯಿದೆ, ಹೊತ್ತಾಯಿತು, ದಾಟಲಿಕ್ಕೇ ಅರ್ಧ ಗಂಟೆ ಬೇಕು.